ಮಾನ್ವಿಯ ಜಗನ್ನಾಥದಾಸರು: ಪಂಡಿತರ ಗಾದಿಯಿಂದ ದಾಸರ ತಂಬೂರಿಗೆ

ಚಿಕ್ಕಂದಿನಲ್ಲಿ ರಜೆಗೆ ಮಾನ್ವಿಗೆ ಹೋದಾಗ ಬೆಳಿಗ್ಗೆ ಅರಬ್ಬಿ ಪಾಠಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ನಾನು ಹೊಟ್ಟೆನೋವು ಎಂದು ಹೇಳುತ್ತಿದ್ದೆ. ಆಗ ನಮ್ಮ ನಾನಿ ಒಂದು ಕಥೆ ಹೇಳುತ್ತಿದ್ದರು. ಇದೇ ಊರಿನಲ್ಲಿ ಹಿಂದೆ ಒಬ್ಬ ದೊಡ್ಡ ಪಂಡಿತರಿದ್ದರಂತೆ. ಊಟಕ್ಕೆ ಕರೆದಾಗ ಹೋಗಲು ಇಷ್ಟವಿಲ್ಲದೆ ಹೊಟ್ಟೆನೋವು ಎಂದು ಸುಳ್ಳು ಹೇಳಿದರಂತೆ. ಆ ನೋವು ನಿಜವಾಗಿಯೇ ಬಂದು ಹಿಡಿದುಕೊಂಡು ಯಾವ ಔಷಧಕ್ಕೂ ಬಿಡಲಿಲ್ಲವಂತೆ. ಕಥೆ ಮುಗಿಯುವ ಹೊತ್ತಿಗೆ ನಾನು ಚಪ್ಪಲಿ ಹಾಕಿಕೊಂಡು ಪಾಠಕ್ಕೆ ಹೊರಟಿರುತ್ತಿದ್ದೆ.

ನಾನಿಗೆ ಕನ್ನಡ ಓದಲು ಬರುವುದಿಲ್ಲ. ಓಣಿಯ ಹೆಂಗಸರಿಂದ ಕನ್ನಡದಲ್ಲಿ ಕೇಳಿದ್ದನ್ನು ಅವರು ನಮಗೆ ಉರ್ದುವಿನಲ್ಲಿ ಹೇಳುತ್ತಿದ್ದರು. ಪಂಡಿತರ ಹೆಸರು ಅವರಿಗೆ ಗೊತ್ತಿರಲಿಲ್ಲ, ಕಥೆಯ ಮುಂದಿನ ಭಾಗವೂ ಗೊತ್ತಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಕನ್ನಡ ತರಗತಿಯಲ್ಲಿ ದಾಸ ಸಾಹಿತ್ಯದ ಪಾಠ ನಡೆಯುವಾಗ ಸರ್ ಮಾನ್ವಿಯ ಹೆಸರು ಎತ್ತಿದರು. ಆ ಪಂಡಿತರೇ ಜಗನ್ನಾಥದಾಸರು, ಹರಿಕಥಾಮೃತಸಾರ ಎಂಬ ದೊಡ್ಡ ಗ್ರಂಥವನ್ನು ಬರೆದವರು ಎಂದು ನನಗೆ ತಿಳಿದದ್ದು ಅಂದೇ. ನಾನಿ ಹೇಳಿದ ಕಥೆ ನಿಜವಾಗಿ ಒಬ್ಬ ಮನುಷ್ಯನು ತಾನು ಕಲಿತ, ಹೆಸರು ಮಾಡಿದ ವೃತ್ತಿಯನ್ನು ಬಿಟ್ಟು ಇನ್ನೊಂದಕ್ಕೆ ಹೋದ ಕಥೆಯ ಮೊದಲ ಭಾಗ ಮಾತ್ರ ಆಗಿತ್ತು.

ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಹುಟ್ಟಿದ್ದು 1728ರಲ್ಲಿ, ಮಾನ್ವಿ ಸೀಮೆಯ ಬ್ಯಾಗವಟ ಗ್ರಾಮದಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1724ರಲ್ಲಿ, ಹೈದರಾಬಾದಿನ ನಿಜಾಮರ ಆಳ್ವಿಕೆ ಶುರುವಾಗಿತ್ತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ದೋಆಬ್ ಪ್ರದೇಶ ಆಗ ಅವರ ಕೈಯಲ್ಲಿತ್ತು. ಹೊಳೆಯ ಆಚೆ ಮಂತ್ರಾಲಯ. ಆ ಊರನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟವರು ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಎಂಬುದು ಇಲ್ಲಿ ಎಲ್ಲರೂ ಹೇಳುವ ಮಾತು. ಶ್ರೀನಿವಾಸಾಚಾರ್ಯರ ವಿದ್ಯಾಭ್ಯಾಸ ಆ ಮಠದ ಆಶ್ರಯದಲ್ಲೇ ನಡೆಯಿತು. ಅವರ ಗುರುಗಳು ವರದೇಂದ್ರ ತೀರ್ಥರು.

ಆಗಿನ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಯಾವ ಭಾಷೆ ಎಲ್ಲಿ ನಡೆಯುತ್ತಿತ್ತು ಎಂದು ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಅವರು ಮಾಡಿದ್ದು ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಕಚೇರಿಯಲ್ಲಿ ಪಾರ್ಸಿ. ಮಠದಲ್ಲಿ, ಪಂಡಿತರ ಸಭೆಯಲ್ಲಿ ಸಂಸ್ಕೃತ. ದಂಡಿನವರ ಮನೆಗಳಲ್ಲಿ ದಖ್ಖನಿ. ಹೊಲ, ಸಂತೆ, ಬಾವಿಕಟ್ಟೆ, ಅಡುಗೆಮನೆಯಲ್ಲಿ ಕನ್ನಡ, ಗಡಿಯ ಕಡೆ ತೆಲುಗು. ದೊಡ್ಡ ವಿಷಯ ಮಾತಾಡುವವರು ಪಾರ್ಸಿಯಲ್ಲಿ ಇಲ್ಲವೇ ಸಂಸ್ಕೃತದಲ್ಲಿ ಮಾತಾಡಬೇಕು ಎಂಬುದು ರೂಢಿ. ಕನ್ನಡದಲ್ಲಿ ಶಾಸ್ತ್ರ ಹೇಳುವವನನ್ನು ಪಂಡಿತರು ಪಂಡಿತನೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈ ಮನೋಭಾವ ಪೂರ್ತಿ ಹೋಗಿಲ್ಲ. ಇಂಗ್ಲಿಷ್‌ನಲ್ಲಿ ಉತ್ತರ ಬರೆದವರು ಹೆಚ್ಚು ತಿಳಿದವರು ಎಂದು ಈಗಲೂ ನಮ್ಮಲ್ಲಿ ಎಷ್ಟೋ ಮಂದಿ ನಂಬಿದ್ದಾರೆ, ಅವರಲ್ಲಿ ನಾನೂ ಒಬ್ಬ ಸದಸ್ಯ.

ಶ್ರೀನಿವಾಸಾಚಾರ್ಯರು ಈ ಮೇಲಿನ ಸಾಲಿನಲ್ಲಿ ಕುಳಿತವರು. ವೇದಾಂತ, ತರ್ಕ, ವ್ಯಾಕರಣಗಳಲ್ಲಿ ಬಹಳ ಬೇಗ ಹೆಸರು ಗಳಿಸಿದರು. ಮಾನ್ವಿಯಲ್ಲಿ ನೆಲೆಸಿ ಪಾಠ ಹೇಳತೊಡಗಿದರು, ದೂರದಿಂದ ಶಿಷ್ಯರು ಬಂದು ಓದುತ್ತಿದ್ದರು. ವಾದದಲ್ಲಿ ಅವರ ಮುಂದೆ ನಿಲ್ಲುವವರು ಕಡಿಮೆ ಎಂಬ ಕೀರ್ತಿ ಇತ್ತು. ನಮ್ಮ ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆಯ ಅಧ್ಯಾಯದಲ್ಲಿ ಗುಡ್‌ವಿಲ್ ಎಂಬುದೊಂದು ಬರುತ್ತದೆ. ಅಂಗಡಿಯ ಸಾಮಾನು, ಕಟ್ಟಡ, ನಗದು ಎಲ್ಲ ಲೆಕ್ಕ ಹಾಕಿದ ಮೇಲೂ ಅಂಗಡಿಯ ಹೆಸರಿಗೇ ಒಂದು ಬೆಲೆ ಉಳಿಯುತ್ತದೆ, ಅದು. ಒಬ್ಬ ಪಂಡಿತನಿಗೆ ಇರುವ ಆಸ್ತಿಯೆಲ್ಲ ಹೆಚ್ಚುಕಡಿಮೆ ಗುಡ್‌ವಿಲ್ಲೇ. ಜನ ಅವನನ್ನು ದೊಡ್ಡವನೆಂದು ಒಪ್ಪುವವರೆಗೆ ಮಾತ್ರ ಅದಕ್ಕೆ ಬೆಲೆ.

ಈಗ ಇನ್ನೊಂದು ಕಡೆ ನೋಡೋಣ. ಮಾನ್ವಿ ತಾಲ್ಲೂಕಿನಲ್ಲೇ ತುಂಗಭದ್ರೆಯ ದಡದ ಮೇಲೆ ಚೀಕಲಪರ್ವಿ ಎಂಬ ಊರಿದೆ. ಅಲ್ಲಿ ಹುಟ್ಟಿದವರು ವಿಜಯದಾಸರು. ಮೊದಲ ಹೆಸರು ದಾಸಪ್ಪ. ತೀರಾ ಬಡತನದ ಮನೆ. ಊರು ಬಿಟ್ಟು ತಿರುಗಾಡಿದರು, ಕಾಶಿಗೆ ಹೋದರು, ಅಲ್ಲಿ ಕನಸಿನಲ್ಲಿ ಪುರಂದರದಾಸರಿಂದ ಅಂಕಿತ ಸಿಕ್ಕಿತು ಎಂದು ಅವರ ಪರಂಪರೆಯವರು ಹೇಳುತ್ತಾರೆ. ಪುರಂದರದಾಸರು ಅವರಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನವರು. ಅವರೂ ನಡುವಯಸ್ಸಿನಲ್ಲಿ ವ್ಯಾಪಾರ ಬಿಟ್ಟು ದಾಸರಾದವರು, ಅವರ ಕಥೆ ನಮಗೆ ಪ್ರಾಥಮಿಕ ಶಾಲೆಯಿಂದಲೇ ಗೊತ್ತು. ಹಾಗೆ ನಿಂತುಹೋದಂತಿದ್ದ ದಾಸರ ದಾರಿಯನ್ನು ರಾಯಚೂರು ಸೀಮೆಯಲ್ಲಿ ಮತ್ತೆ ತೆರೆದವರು ವಿಜಯದಾಸರು. ಅವರ ಶಿಷ್ಯರಲ್ಲಿ ಮುಖ್ಯರಾದವರು ಗೋಪಾಲದಾಸರು. ಅವರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಮೊದಲ ಹೆಸರು ಭಾಗಣ್ಣ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡು, ಮನೆಯ ಆಸ್ತಿ ಸಂಬಂಧಿಕರ ಪಾಲಾಗಿ, ತಾಯಿ ಮಕ್ಕಳು ಊರು ಬಿಟ್ಟು ಹೋಗಬೇಕಾಯಿತು. ಮುಂದೆ ಭಾಗಣ್ಣ ಭವಿಷ್ಯ ಹೇಳುವುದರಲ್ಲಿ ಹೆಸರಾದರು, ಆಮೇಲೆ ಅದನ್ನೂ ಬಿಟ್ಟು ದಾಸರಾದರು. ಅವರ ತಮ್ಮಂದಿರೂ ಅದೇ ದಾರಿ ಹಿಡಿದರು.

ದಾಸರ ಕೆಲಸ ಎಂದರೆ ಏನು? ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ ಮತ್ತು ಚಿಟಿಕೆ, ತೋಳಿಗೆ ಗೋಪಾಳ ಬುಟ್ಟಿ. ಬೀದಿಯಲ್ಲಿ ಹಾಡುತ್ತಾ ಮನೆಮನೆಗೆ ಹೋಗುವುದು, ಬುಟ್ಟಿಗೆ ಬಿದ್ದ ಹಿಡಿ ಹಿಡಿ ಕಾಳಿನಲ್ಲಿ ಅಂದಿನ ಊಟ. ನಾಳೆಗೆ ಎತ್ತಿಡುವಂತಿಲ್ಲ. ಹಾಡೆಲ್ಲ ಕನ್ನಡದಲ್ಲಿ. ಕೇಳುವವರು ಕಸ ಗುಡಿಸುತ್ತಿದ್ದ ಹೆಂಗಸರು, ಎತ್ತು ಹೊಡೆದುಕೊಂಡು ಹೋಗುವವರು, ಮಕ್ಕಳು. ಇದನ್ನು ಸಭೆಯ ಪಂಡಿತರು ನೋಡಿದರೆ ಏನು ಅನ್ನಿಸಬಹುದು? ಶ್ರೀನಿವಾಸಾಚಾರ್ಯರಿಗೂ ಅದೇ ಅನ್ನಿಸಿತು. ಶಾಸ್ತ್ರ ಓದದೆ ಕನ್ನಡದಲ್ಲಿ ಹಾಡಿ ಕುಣಿಯುವವರ ಬಗ್ಗೆ ಅವರಿಗೆ ತಾತ್ಸಾರ ಇತ್ತು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ ಎಂದು ಅವರನ್ನು ಪೂಜಿಸುವವರೇ ಹೇಳುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಸಾಮಾನ್ಯವಾಗಿ ದೊಡ್ಡವರ ಜೀವನ ಹೇಳುವಾಗ ಅವರ ತಪ್ಪನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ತಪ್ಪಿನಿಂದಲೇ ಕಥೆ ಶುರುವಾಗುತ್ತದೆ.

ವಿಜಯದಾಸರು ಒಮ್ಮೆ ಈ ಕಡೆ ಬಂದಾಗ ದೊಡ್ಡ ಸಮಾರಾಧನೆ ಏರ್ಪಾಡಾಯಿತು. ಎಲ್ಲರನ್ನೂ ಊಟಕ್ಕೆ ಕರೆದರು. ಪಂಡಿತರಾದ ಶ್ರೀನಿವಾಸಾಚಾರ್ಯರಿಗೂ ಕರೆ ಹೋಯಿತು. ದಾಸರ ಪಂಕ್ತಿಯಲ್ಲಿ ಕುಳಿತು ಊಟ ಮಾಡಲು ಅವರಿಗೆ ಇಷ್ಟವಿರಲಿಲ್ಲ. ಹೊಟ್ಟೆನೋವು ಇದೆ ಎಂದು ಹೇಳಿಕಳಿಸಿದರು. ನಾನಿಯ ಕಥೆ ಇದೇ. ಸುಳ್ಳು ಹೇಳಿದ ಮೇಲೆ ನಿಜವಾದ ಉದರಶೂಲೆ ಶುರುವಾಯಿತು. ಊಟ ಸೇರದು, ಸೇರಿದರೆ ಉಳಿಯದು. ಮೈ ಸೊರಗಿತು. ಕ್ಷಯ ಹಿಡಿಯಿತು ಎಂದೂ ಹೇಳುತ್ತಾರೆ. ವೈದ್ಯರಿಂದ ಗುಣವಾಗದೆ ಕ್ಷೇತ್ರಗಳಿಗೆ ಹೋಗಿ ಸೇವೆ ಮಾಡಿದರು. ಕೊನೆಗೆ ಮಂತ್ರಾಲಯದಲ್ಲಿ ಕನಸಿನಲ್ಲಿ ಸೂಚನೆ ಸಿಕ್ಕಿತು: ಯಾರನ್ನು ಹೀಯಾಳಿಸಿದೆಯೋ ಅವರ ಬಳಿಗೇ ಹೋಗು ಎಂದು.

ಈ ಪವಾಡದ ಭಾಗವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಮ್ಮ ಮನೆಯಲ್ಲಿ ಇದು ನಂಬಿಕೆಯ ವಿಷಯವಲ್ಲ, ಆದರೂ ನಾನಿ ಇದನ್ನು ಎಂದೂ ನಗೆಯಾಡಿ ಹೇಳಿದವರಲ್ಲ. ನಾನು ಯೋಚಿಸುವುದು ಬೇರೆ ಒಂದನ್ನು. ತನ್ನ ಊರಿನಲ್ಲಿ ಎಲ್ಲರೂ ಕೈಮುಗಿಯುವ ಒಬ್ಬ ವಿದ್ವಾಂಸ, ತಾನು ಅವಮಾನ ಮಾಡಿದವರ ಬಾಗಿಲಿಗೆ ನಡೆದುಕೊಂಡು ಹೋಗುವ ಆ ದಾರಿ ಎಷ್ಟು ಉದ್ದ ಇರಬೇಕು. ಸ್ನೇಹಿತನ ಹತ್ತಿರ ಮಾತು ಬಿಟ್ಟು ಮೂರು ದಿನ ಆದರೆ ಮತ್ತೆ ಮಾತಾಡಿಸುವುದು ನಮಗೆ ಕಷ್ಟ. ಅವರ ಹಿಂದೆ ಶಿಷ್ಯರು ನೋಡುತ್ತಿದ್ದರು, ಎದುರಾಳಿ ಪಂಡಿತರೂ ನೋಡುತ್ತಿದ್ದರು.

ವಿಜಯದಾಸರು ಅವರನ್ನು ಬೈಯಲಿಲ್ಲ, ತಾವೇ ಗುಣಪಡಿಸಲೂ ಇಲ್ಲ. ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಆಗ ಉತ್ತನೂರಿನಲ್ಲಿದ್ದರು, ಈಗ ಅದು ತೆಲಂಗಾಣದ ಗದ್ವಾಲ್ ಕಡೆಯ ಊರು. ಹೊಟ್ಟೆ ಕೆಟ್ಟು ಅನ್ನವೂ ಜೀರ್ಣವಾಗದ ರೋಗಿಗೆ ಗೋಪಾಲದಾಸರು ತಿನ್ನಲು ಕೊಟ್ಟದ್ದು ಜೋಳದ ರೊಟ್ಟಿ ಎಂದು ಹೇಳುತ್ತಾರೆ. ನಮ್ಮ ಕಡೆಯ ರೊಟ್ಟಿ ಗಟ್ಟಿಮುಟ್ಟಾದವರಿಗೇ ಒಮ್ಮೊಮ್ಮೆ ಭಾರವಾಗುತ್ತದೆ. ಅವರು ತಿಂದರು, ಅದು ಉಳಿಯಿತು. ಊಟಕ್ಕೆ ಬಾರದವರನ್ನು ಊಟ ಕೊಟ್ಟೇ ಗುಣಪಡಿಸಿದ ಹಾಗಾಯಿತು. ಅಷ್ಟೇ ಅಲ್ಲ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ದಾನವಾಗಿ ಕೊಟ್ಟರು, ಆ ಕಾರಣಕ್ಕೇ ತಾವು ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು ಎಂಬುದು ಪರಂಪರೆಯ ಮಾತು.

ಇಲ್ಲಿ ನಾನು ಪೆನ್ಸಿಲ್ ಹಿಡಿದು ಸ್ವಲ್ಪ ಲೆಕ್ಕ ಮಾಡಿದೆ. ಜಗನ್ನಾಥದಾಸರು ಬದುಕಿದ್ದು 1728ರಿಂದ 1809ರವರೆಗೆ, ಅಂದರೆ 81 ವರ್ಷ. ಅದರಲ್ಲಿ ದಾನ ಬಂದದ್ದು 40. ಕಳೆದರೆ ಅವರ ಸ್ವಂತ ಪಾಲು 41. ಇನ್ನೊಂದು ಲೆಕ್ಕ: ವಿಜಯದಾಸರು ತೀರಿಕೊಂಡದ್ದು 1755ರಲ್ಲಿ, ಆದ್ದರಿಂದ ಆ ಊಟದ ಪ್ರಸಂಗ ನಡೆದಾಗ ಶ್ರೀನಿವಾಸಾಚಾರ್ಯರಿಗೆ 27 ದಾಟಿರಲು ಸಾಧ್ಯವಿಲ್ಲ. ಇಂದು 27 ಎಂದರೆ ಕೆಲಸ ಹುಡುಕುವ ವಯಸ್ಸು, ನಡುವಯಸ್ಸು ಎನ್ನಲಾಗದು. ಆದರೆ ಹುಡುಗರು ಏಳೆಂಟು ವರ್ಷಕ್ಕೆ ಶಾಸ್ತ್ರ ಓದಲು ಕೂತು ಇಪ್ಪತ್ತಕ್ಕೆ ತಾವೇ ಪಾಠ ಹೇಳುತ್ತಿದ್ದ ಕಾಲ ಅದು. 41 ವರ್ಷದ ಬದುಕಿನಲ್ಲಿ 27 ಎಂದರೆ ಅರ್ಧಕ್ಕಿಂತ ಹೆಚ್ಚು ಖರ್ಚಾಗಿತ್ತು. ಪರಂಪರೆಯವರ ಪ್ರಕಾರವೇ ನೋಡಿದರೆ 1769ರಿಂದ ಮುಂದೆ ಅವರು ಬದುಕಿದ ಪ್ರತಿ ದಿನವೂ ಇನ್ನೊಬ್ಬರ ಖಾತೆಯಿಂದ ಬಂದದ್ದು. ತನಗಿಂತ ಕೆಲವೇ ವರ್ಷ ದೊಡ್ಡವರಾದ ಒಬ್ಬರು ತಮ್ಮ ಅರ್ಧ ಬದುಕನ್ನು ಕೊಟ್ಟಿದ್ದಾರೆ ಎಂದು ನಂಬಿದ ಮನುಷ್ಯ ಮತ್ತೆ ಹಳೆಯ ವಾದಸಭೆಗೆ ಹೋಗಿ ಕುಳಿತುಕೊಳ್ಳಲು ಮನಸ್ಸು ಮಾಡುತ್ತಾನೆಯೇ? ಈ ಸಾಲವನ್ನು ಪಡೆದವರಿಗೆ ಹಿಂದಿರುಗಿಸುವ ದಾರಿಯೂ ಇರಲಿಲ್ಲ.

ಗುಣವಾದ ಮೇಲೆ ಅವರು ಪಂಢರಪುರಕ್ಕೆ ಹೋದರು. ದಾಸರಾಗಲು ಅಂಕಿತ ಬೇಕು, ಹಾಡಿನ ಕೊನೆಯಲ್ಲಿ ಬರುವ ಹೆಸರು ಅದು. ಚಂದ್ರಭಾಗಾ ಹೊಳೆಯಲ್ಲಿ ಸ್ನಾನ ಮಾಡುವಾಗ ಸಿಕ್ಕ ಕಲ್ಲಿನ ಮೇಲೆ ಜಗನ್ನಾಥವಿಠಲ ಎಂಬ ಅಂಕಿತ ಇತ್ತು ಎಂದು ಹೇಳುತ್ತಾರೆ. ಅಲ್ಲಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಹೆಸರಿನ ಹಿಂದಿನ ಆಚಾರ್ಯ ಹೋಗಿ ದಾಸ ಬಂತು. ಒಂದು ಪದದ ಅರ್ಥ ಕಲಿಸುವವನು, ಇನ್ನೊಂದರ ಅರ್ಥ ಆಳು.

ಮಾನ್ವಿಗೆ ತಿರುಗಿ ಬಂದಾಗ ಊರಿನವರು ಏನೆಂದಿರಬಹುದು? ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಊಹೆ ಮಾಡುವುದು ಕಷ್ಟವಲ್ಲ. ನಮ್ಮ ಮಾಮು ಹದಿನೆಂಟು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿ, ನಲವತ್ತು ದಾಟಿದ ಮೇಲೆ ಅದನ್ನು ಕೆಲಸದ ಹುಡುಗನಿಗೆ ಬಿಟ್ಟುಕೊಟ್ಟು ಸಸಿಗಳ ನರ್ಸರಿ ಹಾಕಿದಾಗ ನೆಂಟರೆಲ್ಲ ಒಬ್ಬರಾದ ಮೇಲೆ ಒಬ್ಬರು ಮನೆಗೆ ಬಂದು ಚಹಾ ಕುಡಿದು ಬುದ್ಧಿ ಹೇಳಿ ಹೋದರು. ಕಲಿತ ಕೆಲಸ ಬಿಡುವುದು ಎಂದರೆ ಕಲಿತ ವರ್ಷಗಳನ್ನೇ ನೀರಿಗೆ ಹಾಕಿದಂತೆ ಎಂಬುದು ಎಲ್ಲರ ವಾದ. ಮಾಮು ಮಾತ್ರ ಈಗ ನರ್ಸರಿಯ ಬೋರಿನ ಮೋಟಾರ್ ಕೆಟ್ಟರೆ ಯಾರನ್ನೂ ಕರೆಯುವುದಿಲ್ಲ.

ಜಗನ್ನಾಥದಾಸರೂ ತಾವು ಕಲಿತ ವರ್ಷಗಳನ್ನು ನೀರಿಗೆ ಹಾಕಲಿಲ್ಲ. ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಇದೇ. ವ್ಯಾಪಾರಿಯಾಗಿದ್ದ ಪುರಂದರದಾಸರು ಬಿಟ್ಟದ್ದು ಹಣ. ಅದನ್ನು ದಾನ ಮಾಡಿ ಕೈ ತೊಳೆದುಕೊಳ್ಳಬಹುದು. ವಿದ್ಯೆಯನ್ನು ಹಾಗೆ ಹಂಚಿ ಖಾಲಿ ಮಾಡಲು ಬರುವುದಿಲ್ಲ, ತಲೆಯಲ್ಲಿ ಇದ್ದೇ ಇರುತ್ತದೆ. ಜಗನ್ನಾಥದಾಸರು ಬರೆದುಹಾಕಿದ್ದು ಗುಡ್‌ವಿಲ್ಲನ್ನು ಮಾತ್ರ. ಬಂಡವಾಳವನ್ನು ಹಾಗೆಯೇ ಹೊಸ ಕೆಲಸಕ್ಕೆ ತಂದರು.

ಆ ಬಂಡವಾಳದಿಂದ ಹುಟ್ಟಿದ್ದು ಹರಿಕಥಾಮೃತಸಾರ. 32 ಸಂಧಿಗಳು, ಸಾವಿರಕ್ಕೆ ಸಮೀಪದಷ್ಟು ಪದ್ಯಗಳು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಸಂಸ್ಕೃತದಲ್ಲಿ ಬರೆದ ದ್ವೈತ ಸಿದ್ಧಾಂತ, ಅದರ ಮೇಲೆ ಬಂದ ಟೀಕೆಗಳು, ಟೀಕೆಗಳ ಮೇಲಿನ ಟಿಪ್ಪಣಿಗಳು, ಇವನ್ನೆಲ್ಲ ಓದಬೇಕಾದರೆ ಒಬ್ಬ ಹುಡುಗ ಹನ್ನೆರಡು ಹದಿನೈದು ವರ್ಷ ಮಠದಲ್ಲಿ ಕೂರಬೇಕಿತ್ತು. ಹೆಣ್ಣುಮಕ್ಕಳಿಗೆ ಆ ಅವಕಾಶವೇ ಇರಲಿಲ್ಲ. ಜಗನ್ನಾಥದಾಸರು ಆ ವಿಷಯವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಯಲ್ಲಿ ತಂದರು. ಕುಮಾರವ್ಯಾಸ ಭಾರತ ಬರೆದದ್ದೂ ಈ ಛಂದಸ್ಸಿನಲ್ಲೇ. ನಮ್ಮ ಪಠ್ಯದಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣ ಹಾಕಿ ಪ್ರಸ್ತಾರ ಮಾಡುತ್ತೇವಲ್ಲ, ಅದೇ. ಓದಲು ಬರದವರೂ ಕೇಳಿ ಕೇಳಿ ಬಾಯಿಪಾಠ ಮಾಡಬಹುದಾದ ಧಾಟಿ.

ಸರ್ ಗ್ರಂಥಾಲಯದಿಂದ ತೆಗೆಸಿಕೊಟ್ಟ ಪುಸ್ತಕದಲ್ಲಿ ಮೊದಲ ಕೆಲವು ಸಂಧಿಗಳನ್ನು ನಾನು ಓದಲು ನೋಡಿದೆ. ಸುಲಭ ಎಂದು ಹೇಳಿದರೆ ಸುಳ್ಳಾಗುತ್ತದೆ. ಪುರಂದರದಾಸರ ಹಾಡು ಒಮ್ಮೆ ಕೇಳಿದರೆ ಅರ್ಥ ಆಗುತ್ತದೆ, ಇದು ಹಾಗಲ್ಲ. ಸಾಲಿಗೆ ಮೂರು ಸಂಸ್ಕೃತ ಪದ. ಉರ್ದು ಮಾತಾಡುವ ಮನೆಯಿಂದ ಬಂದ ನನಗೆ ಕೆಲವು ಪದ್ಯಗಳಲ್ಲಿ ಕ್ರಿಯಾಪದ ಮಾತ್ರ ಗುರುತು ಸಿಕ್ಕಿತು. ಪಂಡಿತರು ದಾಸರಾದರೂ ಒಳಗಿನ ಪಂಡಿತ ಎಲ್ಲೂ ಹೋಗಿಲ್ಲ ಎಂದು ಸರ್ ಹತ್ತಿರ ಹೇಳಿದೆ. ಸರ್ ಇನ್ನೊಂದು ಕೃತಿಯ ಹೆಸರು ಹೇಳಿದರು, ತತ್ತ್ವಸುವ್ವಾಲಿ. ಸುವ್ವಿ ಎಂಬುದು ಹೆಂಗಸರು ಕಾಳು ಕುಟ್ಟುವಾಗ ಹಾಡುವ ಪದಗಳಲ್ಲಿ ಬರುವ ಸೊಲ್ಲು. ಒನಕೆ ಎತ್ತಿ ಹಾಕುವ ಲಯಕ್ಕೆ ಹೊಂದುವ ಚಿಕ್ಕ ಚಿಕ್ಕ ಪದ್ಯಗಳಲ್ಲಿ ಅವರು ಅದೇ ತತ್ತ್ವವನ್ನು ಹೇಳಿದ್ದಾರೆ. ವಾದಸಭೆಯಲ್ಲಿ ಗೆದ್ದ ಬಾಯಿ ಒರಳಿನ ಹಾಡಿಗೆ ಬಂದು ನಿಂತಿದೆ. ಇದು ನನಗೆ ಹೆಚ್ಚು ಅರ್ಥವಾಯಿತು.

ಹರಿಕಥಾಮೃತಸಾರದ ಸಂಧಿಗಳ ಪಟ್ಟಿ ನೋಡುವಾಗ ನಾಲ್ಕನೆಯದರಲ್ಲಿ ನನ್ನ ಕಣ್ಣು ನಿಂತಿತು. ಅದರ ಹೆಸರು ಭೋಜನರಸವಿಭಾಗ ಸಂಧಿ. ಇಡೀ ಸಂಧಿ ಊಟದ ಬಗ್ಗೆ. ಹಾಲು, ಬೆಣ್ಣೆ, ಅನ್ನ, ಪಲ್ಯ ಎಂದು ಎಲೆಯ ಮೇಲೆ ಬೀಳುವ ಪದಾರ್ಥಗಳನ್ನು ಒಂದೊಂದಾಗಿ ಎಣಿಸಿ, ಯಾವುದರಲ್ಲಿ ದೇವರ ಯಾವ ರೂಪ ಇದೆ, ಊಟ ಮಾಡುವಾಗ ಹೇಗೆ ನೆನೆಯಬೇಕು ಎಂದು ಹೇಳುತ್ತದೆ. ಒಂದು ಊಟವನ್ನು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದವರೇ ಇದನ್ನು ಬರೆದದ್ದು. ಟೀಕೆ ಬರೆದ ಯಾರಾದರೂ ಇದನ್ನು ಗಮನಿಸಿದ್ದಾರೋ ಏನೋ, ನಮ್ಮ ನಾನಿಗೆ ಹೇಳಿದಾಗ ಅವರು ಮಾತ್ರ ಬಹಳ ಹೊತ್ತು ನಕ್ಕರು.

ಟೀಕೆಯ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಮುಂದೆ ಈ ಕನ್ನಡ ಗ್ರಂಥಕ್ಕೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಸಂಸ್ಕೃತಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದನ್ನು ನಾವು ಎಲ್ಲೆಲ್ಲೂ ನೋಡುತ್ತೇವೆ. ಕನ್ನಡಕ್ಕೆ ಸಂಸ್ಕೃತದಲ್ಲಿ ಅರ್ಥ ಹೇಳುವುದು ಅಪರೂಪ. ಯಾವ ಸಾಲಿನಿಂದ ಅವರು ಎದ್ದು ಬಂದಿದ್ದರೋ ಆ ಸಾಲಿನವರೇ ಕೊನೆಗೆ ಅವರ ಪುಸ್ತಕ ಬಿಚ್ಚಿಕೊಂಡು ಕುಳಿತರು.

ಅವರ ಕೊನೆಯ ವರ್ಷಗಳಲ್ಲಿ ಈ ಸೀಮೆ ಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದರು. ಮರುವರ್ಷ 1800ರಲ್ಲಿ ನಿಜಾಮರು ತುಂಗಭದ್ರೆಯ ಆಚೆಯ ಬಳ್ಳಾರಿ, ಆದವಾನಿ ಮುಂತಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಹೊಳೆ ಗಡಿಯಾಯಿತು. ಓದಿದ ಮಠ ಕಂಪನಿಯ ಕಡೆ, ನೆಲೆಸಿದ ಊರು ನಿಜಾಮರ ಕಡೆ. ಜಗನ್ನಾಥದಾಸರಿಗೆ ಆಗ 72. ಊರೂರು ತಿರುಗುವ ದಾಸರಿಗೆ ಈ ಗಡಿಗಳು ಎಷ್ಟು ತಟ್ಟಿದವೋ ತಿಳಿಯದು. ಹಾಡುಗಳಂತೂ ಎರಡೂ ದಡದಲ್ಲಿ ಉಳಿದವು.

ಶಿಷ್ಯರು ಈಗಲೂ ಬಂದರು, ಮೊದಲಿನಂತೆಯೇ. ವ್ಯಾಕರಣ ಕಲಿಯಲು ಬದಲಾಗಿ ಹಾಡಲು ಬಂದರು ಅಷ್ಟೇ. ಲಿಂಗಸುಗೂರಿನ ಪ್ರಾಣೇಶದಾಸರು ಅವರ ಶಿಷ್ಯರು. ಕರ್ಜಗಿಯ ದಾಸಪ್ಪ ಎಂಬವರು ಶ್ರೀದವಿಠಲ ಎಂಬ ಅಂಕಿತದಲ್ಲಿ ಹಾಡುಗಳನ್ನು ಬರೆದರು. ಹರಿಕಥಾಮೃತಸಾರದ 32 ಸಂಧಿಗಳ ಕೊನೆಗೆ ಓದಿದವರಿಗೆ ಏನು ಫಲ ಎಂದು ಹೇಳುವ ಫಲಶ್ರುತಿ ಸಂಧಿ ಸೇರಿದೆ. ಅದನ್ನು ಬರೆದವರು ಈ ಶ್ರೀದವಿಠಲರು. ಗುರುಗಳ ಪುಸ್ತಕಕ್ಕೆ ಶಿಷ್ಯರು ಬೆಲೆ ಕಟ್ಟಿದ ಹಾಗೆ.

1809ರ ಭಾದ್ರಪದ ಶುದ್ಧ ನವಮಿಯ ದಿನ ಜಗನ್ನಾಥದಾಸರು ಮಾನ್ವಿಯಲ್ಲಿ ತೀರಿಕೊಂಡರು. ಅವರ ಮನೆ ಅಲ್ಲಿ ಇದೆ. ಮನೆಯ ಒಂದು ಕಂಬದಲ್ಲಿ ಅವರ ಸನ್ನಿಧಾನ ಇದೆ ಎಂದು ನಂಬಿ ಜನ ಆ ಕಂಬಕ್ಕೇ ಪೂಜೆ ಮಾಡುತ್ತಾರೆ. ಪ್ರತಿ ವರ್ಷ ಆ ತಿಥಿಗೆ ಆರಾಧನೆ ನಡೆಯುತ್ತದೆ, ಬೇರೆ ಬೇರೆ ಊರುಗಳಿಂದ ಭಜನಾ ಮಂಡಳಿಯ ಹೆಂಗಸರು ಬಂದು ಹರಿಕಥಾಮೃತಸಾರ ಹಾಡುತ್ತಾರೆ, ಬಂದವರಿಗೆಲ್ಲ ಊಟ ಇರುತ್ತದೆ. ಕಳೆದ ಸಲ ರಜೆಗೆ ಹೋದಾಗ ಆ ಮನೆ ಎಲ್ಲಿದೆ ಎಂದು ನಾನಿಯನ್ನು ಕೇಳಿದೆ. ಇಷ್ಟು ವರ್ಷ ಹೆಸರಿಲ್ಲದೆ ಹೇಳಿದ ಕಥೆಗೆ ಮನೆಯೂ ಇದೆ ಎಂದು ಅವರಿಗೂ ಆಗಲೇ ಗೊತ್ತಾದದ್ದು. ಪಕ್ಕದ ಮನೆಯವರನ್ನು ಕೂಗಿ ಕರೆದು, ದಾರಿ ಕೇಳಿ, ದುಪಟ್ಟಾ ಸರಿಮಾಡಿಕೊಂಡು ನನ್ನ ಜೊತೆ ಓಣಿಯ ತಿರುವಿನವರೆಗೆ ಬಂದು ಕೈ ತೋರಿಸಿದರು.